ಎಕ್ಸೆಲ್ ಹಾಳೆಯಿಂದ ಬೇಕಾದಷ್ಟೇ

ಎಕ್ಸೆಲ್ ಫೈಲಿನಲ್ಲಿ ಇರುವುದೆಲ್ಲ ದತ್ತಾಂಶವಲ್ಲ. ಮೇಲ್ಗಡೆ ಇಲಾಖೆಯ ಹೆಸರು, ಅದರ ಕೆಳಗೆ ಕೋಷ್ಟಕದ ಶೀರ್ಷಿಕೆ, 'ಹೆಕ್ಟೇರುಗಳಲ್ಲಿ' ಎಂಬ ಒಂದು ಸಾಲು, ಎರಡಂತಸ್ತಿನ ಹೆಡಿಂಗ್, ನಡುನಡುವೆ ವಿಭಾಗವಾರು ಮೊತ್ತ, ಕೊನೆಗೆ ಒಟ್ಟು, ಅದರಡಿ ಷರಾ. ಇವುಗಳ ನಡುವೆ ಎಲ್ಲೋ ಲೆಕ್ಕಕ್ಕೆ ಬೇಕಾದ ಸಾಲುಗಳು ಇರುತ್ತವೆ. ಓದುವ ಮನುಷ್ಯನಿಗೆ ಇದರಲ್ಲಿ ತೊಡಕಿಲ್ಲ. ಯಾವುದು ಮೊತ್ತ, ಯಾವುದು ಜಿಲ್ಲೆ ಎಂದು ಕಣ್ಣೇ ಬೇರ್ಪಡಿಸಿಕೊಳ್ಳುತ್ತದೆ. ಆದರೆ ಆರ್, ಪೈಥಾನ್‌ನ ಪಾಂಡಾಸ್, ಸ್ಟೇಟಾ, ಎಸ್‌ಪಿಎಸ್‌ಎಸ್‌ನಂಥ ವಿಶ್ಲೇಷಣಾ ತಂತ್ರಾಂಶಗಳಿಗೆ ಆ ಕಣ್ಣಿಲ್ಲ. ಅವು ಬಯಸುವುದು ಒಂದೇ ಆಕಾರ: ಮೇಲೆ ಒಂದು ಹೆಡಿಂಗ್ ಸಾಲು, ಅದರಡಿ ಸಾಲಿಗೊಂದು ಘಟಕ, ಕಾಲಂಗೊಂದು ಬಗೆಯ ಮಾಹಿತಿ. ಹಾಳೆಯಲ್ಲಿ ಬೇಕಾದ ಭಾಗವನ್ನಷ್ಟೇ ಹೆಕ್ಕಿ ಈ ಆಕಾರಕ್ಕೆ ತರುವುದೇ ಆಯ್ದ ಆಮದು, ಅಂದರೆ ಸೆಲೆಕ್ಟಿವ್ ಇಂಪೋರ್ಟ್. ಲೆಕ್ಕ ಶುರುವಾಗುವ ಮುಂಚಿನ ಗುಮಾಸ್ತಿಕೆ ಎಂದು ಇದನ್ನು ನೋಡುವವರೇ ಹೆಚ್ಚು. ಯಾವ ಸಾಲು ಒಳಗೆ, ಯಾವುದು ಹೊರಗೆ ಎಂಬ ತೀರ್ಮಾನ ವಾಸ್ತವದಲ್ಲಿ ವಿಶ್ಲೇಷಣೆಯ ಮೊದಲ ಹೆಜ್ಜೆ. ಅಲ್ಲಿ ತಪ್ಪಿದ್ದನ್ನು ಮುಂದಿನ ಯಾವ ಸೂತ್ರವೂ ಸರಿಪಡಿಸಲಾರದು.

2011ರ ಜನಗಣತಿಯ 'ಪ್ರೈಮರಿ ಸೆನ್ಸಸ್ ಅಬ್‌ಸ್ಟ್ರ್ಯಾಕ್ಟ್' ಎಂಬ ಕೋಷ್ಟಕವನ್ನು ತೆರೆದರೆ ಇದು ಸ್ಪಷ್ಟವಾಗುತ್ತದೆ. ದೇಶ, ರಾಜ್ಯ, ಜಿಲ್ಲೆ ಮೂರೂ ಹಂತದ ಅಂಕಿಗಳನ್ನು ಒಂದೇ ಶೀಟಿನಲ್ಲಿ ಕೊಡುವ ಎಕ್ಸೆಲ್ ಫೈಲ್ ಅದರಲ್ಲಿದೆ. ಎಡಬದಿಗೆ ರಾಜ್ಯ, ಜಿಲ್ಲೆಗಳ ಸಂಕೇತ ಸಂಖ್ಯೆಗಳು; ಆಮೇಲೆ 'ಲೆವೆಲ್' ಎಂಬ ಕಾಲಂ, ಜಾಗದ ಹೆಸರಿನ ಕಾಲಂ, 'ಟಿಆರ್‌ಯು' ಎಂಬ ಇನ್ನೊಂದು. ಬಲಕ್ಕೆ ಸಾಗಿದಂತೆ ಮನೆಗಳು, ಜನ, ಗಂಡು, ಹೆಣ್ಣು, ಆರು ವರ್ಷದವರೆಗಿನ ಮಕ್ಕಳು, ಅಕ್ಷರಸ್ಥರು, ದುಡಿಯುವವರು ಎಂದು ಎಂಬತ್ತಕ್ಕೂ ಹೆಚ್ಚು ಕಾಲಂಗಳು. ಟಿಆರ್‌ಯು ಕಾಲಂನಲ್ಲಿ ಟೋಟಲ್, ರೂರಲ್, ಅರ್ಬನ್ ಎಂಬ ಮೂರು ಪದಗಳು ಸರದಿಯಲ್ಲಿ ಬರುತ್ತವೆ. ಒಂದೊಂದು ಜಾಗಕ್ಕೂ ಮೂರು ಮೂರು ಸಾಲು: ಒಟ್ಟು, ಗ್ರಾಮೀಣ, ನಗರ.

ಈ ಹಾಳೆಯನ್ನು ಇದ್ದಹಾಗೇ ತಂತ್ರಾಂಶಕ್ಕೆ ಎಳೆದುಕೊಂಡು ಜನಸಂಖ್ಯೆಯ ಕಾಲಂ ಕೂಡಿಸಿದರೆ ಏನಾಗುತ್ತದೆ? ಪ್ರತಿಯೊಬ್ಬ ಭಾರತೀಯನೂ ದೇಶದ ಸಾಲಿನಲ್ಲಿ ಒಮ್ಮೆ, ರಾಜ್ಯದಲ್ಲಿ ಒಮ್ಮೆ, ಜಿಲ್ಲೆಯಲ್ಲಿ ಒಮ್ಮೆ ಎಣಿಕೆಯಾಗುತ್ತಾನೆ. ಆ ಒಂದೊಂದು ಹಂತದಲ್ಲೂ ಒಟ್ಟು ಎಂಬ ಸಾಲಿನಲ್ಲೊಮ್ಮೆ, ಗ್ರಾಮೀಣ ಅಥವಾ ನಗರ ಎಂಬ ಸಾಲಿನಲ್ಲಿ ಮತ್ತೊಮ್ಮೆ. ಒಟ್ಟು ಆರು ಸಲ. ಸುಮಾರು 121 ಕೋಟಿಯ ದೇಶ ಸುಮಾರು 726 ಕೋಟಿಯದಾಗುತ್ತದೆ. ಅದೇ ವರ್ಷದ ಅಕ್ಟೋಬರ್ ಕೊನೆಗೆ ಇಡೀ ಜಗತ್ತಿನ ಜನಸಂಖ್ಯೆ 700 ಕೋಟಿ ಮುಟ್ಟಿತು ಎಂಬುದು ವಿಶ್ವಸಂಸ್ಥೆಯ ಲೆಕ್ಕ. ಇಷ್ಟು ದೊಡ್ಡ ತಪ್ಪು ಯಾರ ಕಣ್ಣಿಗಾದರೂ ಬಿದ್ದೀತು. ಅಕ್ಷರಸ್ಥರ ಶೇಕಡಾವಾರು ತೆಗೆದವರಿಗೆ ಮಾತ್ರ ಏನೂ ತಿಳಿಯುವುದಿಲ್ಲ. ಅಂಶವೂ ಆರು ಪಟ್ಟು, ಛೇದವೂ ಆರು ಪಟ್ಟು ಆಗಿ ಉತ್ತರ ಸರಿಯಾಗಿಯೇ ಕಾಣುತ್ತದೆ. ಜಿಲ್ಲೆಗಳ ಸರಾಸರಿ ಗಾತ್ರ ತೆಗೆದಾಗಲೋ, ಜಿಲ್ಲೆಗಳನ್ನು ಒಂದಕ್ಕೊಂದು ಹೋಲಿಸಿದಾಗಲೋ ತಪ್ಪು ಹೊರಬೀಳುತ್ತದೆ, ಅದೂ ಯಾರಾದರೂ ಹುಡುಕಿದರೆ.

ಕರ್ನಾಟಕಕ್ಕೆ ಸೇರಿದ ಸಾಲುಗಳು ಈ ಹಾಳೆಯಲ್ಲಿ 93. ರಾಜ್ಯದ್ದು ಮೂರು, ಆಗಿದ್ದ 30 ಜಿಲ್ಲೆಗಳದ್ದು ತೊಂಬತ್ತು. ಜಿಲ್ಲಾವಾರು ಅಧ್ಯಯನಕ್ಕೆ ಬೇಕಾದವು ಅವುಗಳಲ್ಲಿ 30 ಮಾತ್ರ: ರಾಜ್ಯದ ಸಂಕೇತ 29, ಲೆವೆಲ್ ಡಿಸ್ಟ್ರಿಕ್ಟ್, ಟಿಆರ್‌ಯು ಟೋಟಲ್ ಎಂಬ ಮೂರೂ ಷರತ್ತುಗಳನ್ನು ಪೂರೈಸುವ ಸಾಲುಗಳು. ಕಾಲಂಗಳಲ್ಲೂ ಅಷ್ಟೇ. ಸಾಕ್ಷರತೆಯ ಅಧ್ಯಯನಕ್ಕೆ ಜಿಲ್ಲೆಯ ಸಂಕೇತ, ಹೆಸರು, ಜನಸಂಖ್ಯೆ, ಆರು ವರ್ಷದವರೆಗಿನವರು, ಅಕ್ಷರಸ್ಥರು ಇಷ್ಟಿದ್ದರೆ ಸಾಕು. ಸಂಕೇತ ಸಂಖ್ಯೆಯನ್ನು ಮಾತ್ರ ಬಿಡುವಂತಿಲ್ಲ. 2014ರ ನವೆಂಬರ್ 1ರಂದು ಬೆಂಗಳೂರು, ಬೆಳಗಾವಿ, ಕಲಬುರಗಿ ಸೇರಿ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಹಾಗಾಗಿ ಗಣತಿಯ 'ಬೆಲ್ಗಾಮ್' ಇತ್ತೀಚಿನ ಯಾವ ಪಟ್ಟಿಯ 'ಬೆಳಗಾವಿ'ಯೊಂದಿಗೂ ಹೆಸರಿನ ಮೇಲೆ ಹೊಂದುವುದಿಲ್ಲ. ಗಣತಿಯ ಸಂಕೇತದಲ್ಲಿ ಅದು ಅಂದೂ 555, ಇಂದೂ 555.

ಆಯ್ಕೆ ಮಾಡುವ ಉಪಾಯಗಳಿಗೆ ಹೋಗುವ ಮುಂಚೆ ಎಕ್ಸೆಲ್ ಫೈಲಿನ ಒಳಗನ್ನು ಒಮ್ಮೆ ನೋಡುವುದು ಒಳ್ಳೆಯದು. 'ಎಕ್ಸ್‌ಎಲ್‌ಎಸ್‌ಎಕ್ಸ್' ಎಂದು ಕೊನೆಗೊಳ್ಳುವ ಫೈಲ್ ನಿಜದಲ್ಲಿ ಒಂದು ಜಿಪ್ ಗಂಟು. ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ರೂಪದ ಹಲವು ಕಡತಗಳು ಸಿಗುತ್ತವೆ. ಶೀಟಿಗೊಂದು ಕಡತ, ಎಲ್ಲ ಶೀಟುಗಳ ಪದಗಳನ್ನು ಒಟ್ಟಿಗೆ ಇಟ್ಟ ಇನ್ನೊಂದು, ಬಣ್ಣ, ಗೆರೆ, ಅಕ್ಷರಶೈಲಿಗಳಿಗೆ ಮತ್ತೊಂದು. ಸೆಲ್‌ನಲ್ಲಿ ಸೂತ್ರವಿದ್ದರೆ ಸೂತ್ರವೂ ಕಳೆದ ಬಾರಿ ಬಂದ ಉತ್ತರವೂ ಜೊತೆಗೇ ಇರುತ್ತವೆ, ಆಮದು ಮಾಡುವ ತಂತ್ರಾಂಶ ಸಾಮಾನ್ಯವಾಗಿ ಉತ್ತರವನ್ನಷ್ಟೇ ಎತ್ತಿಕೊಳ್ಳುತ್ತದೆ. ಅಂಕಿಗಳನ್ನು ಸಾಲು ಸಾಲಾಗಿ ಬರೆದಿರುವುದರಿಂದ ಎರಡೇ ಕಾಲಂ ಕೇಳಿದರೂ ತಂತ್ರಾಂಶ ಇಡೀ ಶೀಟಿನ ಮೇಲೆ ಹಾಯ್ದು ಹೋಗಬೇಕು. ಆದ್ದರಿಂದ ಕಾಲಂ ಆಯ್ಕೆಯಿಂದ ಉಳಿತಾಯವಾಗುವುದು ಮುಖ್ಯವಾಗಿ ಕಂಪ್ಯೂಟರಿನ ಮೆಮೊರಿ, ತಗ್ಗುವುದು ಓದುಗನ ತಲೆನೋವು. ಸಮಯ ಅಷ್ಟಾಗಿ ಉಳಿಯುವುದಿಲ್ಲ.

ಆಯ್ಕೆಯನ್ನು ಹೇಳುವ ದಾರಿಗಳು ಎಲ್ಲ ತಂತ್ರಾಂಶಗಳಲ್ಲೂ ಹೆಚ್ಚುಕಡಿಮೆ ಒಂದೇ. ಮೊದಲು ಯಾವ ಶೀಟ್ ಎನ್ನುವುದು. ಏನೂ ಹೇಳದಿದ್ದರೆ ಬಹುಪಾಲು ತಂತ್ರಾಂಶಗಳು ಮೊದಲ ಶೀಟನ್ನೇ ಓದುತ್ತವೆ, ಸರ್ಕಾರಿ ಫೈಲುಗಳಲ್ಲಿ ಅದು ಎಷ್ಟೋ ಸಲ ಬರೀ ಪರಿವಿಡಿ. ಶೀಟನ್ನು ಕ್ರಮಸಂಖ್ಯೆಯಿಂದಲೂ ಕರೆಯಬಹುದು, ಹೆಸರಿನಿಂದಲೂ ಕರೆಯಬಹುದು. ಹೆಸರೇ ವಾಸಿ, ಯಾಕೆಂದರೆ ಯಾರೋ ಮುಂದೆ ಒಂದು ಶೀಟ್ ಸೇರಿಸಿದರೆ ಎರಡನೆಯದು ಮೂರನೆಯದಾಗುತ್ತದೆ. ಆಮೇಲೆ ಶೀಟಿನೊಳಗಿನ ಚೌಕ: 'ಬಿ4ರಿಂದ ಎಚ್34' ಎಂದು ಎರಡು ಮೂಲೆಗಳನ್ನು ಹೇಳುವ ಕ್ರಮ. ಆರ್‌ನ ರೀಡ್‌ಎಕ್ಸ್‌ಎಲ್ ಪ್ಯಾಕೇಜಿನಲ್ಲಿ ಇದಕ್ಕೆ ರೇಂಜ್ ಎಂದು ಹೆಸರು, ಸ್ಟೇಟಾ ಮತ್ತು ಎಸ್‌ಪಿಎಸ್‌ಎಸ್‌ನಲ್ಲಿ ಸೆಲ್‌ರೇಂಜ್. ಪಾಂಡಾಸ್‌ನಲ್ಲಿ ಚೌಕವನ್ನು ಒಂದೇ ಮಾತಿನಲ್ಲಿ ಹೇಳಲು ಬರುವುದಿಲ್ಲ. ಮೇಲಿನ ಎಷ್ಟು ಸಾಲು ಬಿಡಬೇಕು, ಎಷ್ಟು ಸಾಲು ಓದಬೇಕು, ಯಾವ ಕಾಲಂಗಳು ಬೇಕು, ಕೆಳಗಿನ ಎಷ್ಟು ಸಾಲು ಕತ್ತರಿಸಬೇಕು ಎಂದು ಬೇರೆ ಬೇರೆಯಾಗಿ ತಿಳಿಸಬೇಕು.

ಇಲ್ಲಿ ಒಂದು ಸಣ್ಣ ವಿಷಯ ಹಲವರನ್ನು ಎಡವಿಸುತ್ತದೆ. ರೀಡ್‌ಎಕ್ಸ್‌ಎಲ್ ಶೀಟಿನ ಮೇಲ್ಭಾಗದ ಖಾಲಿ ಸಾಲುಗಳನ್ನು ಹೇಳದೆಯೇ ಬಿಟ್ಟುಬಿಡುತ್ತದೆ. ಆದರೆ ರೇಂಜ್ ಕೊಟ್ಟಾಗ ಆ ರೂಢಿ ಕೈಬಿಟ್ಟು, ಖಾಲಿಯೋ ತುಂಬಿದೆಯೋ ನೋಡದೆ ಹೇಳಿದ ಚೌಕವನ್ನೇ ತರುತ್ತದೆ. ಜೊತೆಗೆ 'ಇಷ್ಟು ಸಾಲು ಬಿಡು' ಎಂದು ಬರೆದಿದ್ದರೂ ರೇಂಜ್‌ನ ಮಾತೇ ನಡೆಯುವುದು.

ಚೌಕ ಹೇಳುವುದು ಸುಲಭ, ಅದಕ್ಕೇ ಅಪಾಯಕರ. ಅರ್ಥಶಾಸ್ತ್ರಜ್ಞರಾದ ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಪ್ರಬಂಧವೊಂದು, ಸಾಲ ಜಿಡಿಪಿಯ ಶೇ 90 ದಾಟಿದ ದೇಶಗಳ ಬೆಳವಣಿಗೆ ಸರಾಸರಿಯಲ್ಲಿ ಸೊನ್ನೆಗಿಂತ ತುಸು ಕೆಳಗೆ, ಶೇ -0.1 ಎಂದಿತ್ತು. ಸರ್ಕಾರಗಳು ಖರ್ಚು ಕಡಿತಗೊಳಿಸಬೇಕೆಂದು ವಾದಿಸಿದವರು ಈ ಅಂಕಿಯನ್ನು ಮತ್ತೆ ಮತ್ತೆ ಎತ್ತಿ ಹಿಡಿದರು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್ಹರ್ಸ್ಟ್ ಕ್ಯಾಂಪಸ್ಸಿನ ವಿದ್ಯಾರ್ಥಿ ಥಾಮಸ್ ಹರ್ನ್‌ಡನ್ ತರಗತಿಯ ಅಭ್ಯಾಸಕ್ಕಾಗಿ ಅದೇ ಲೆಕ್ಕವನ್ನು ಮತ್ತೆ ಮಾಡಹೊರಟಾಗ ಉತ್ತರ ತಾಳೆಯಾಗಲಿಲ್ಲ. ಲೇಖಕರಿಂದಲೇ ಎಕ್ಸೆಲ್ ಹಾಳೆ ತರಿಸಿಕೊಂಡು ನೋಡಿದರೆ ಸರಾಸರಿಯ ಸೂತ್ರ 30ನೇ ಸಾಲಿನಿಂದ 44ರವರೆಗೆ ಮಾತ್ರ ಇತ್ತು. ದೇಶಗಳ ಪಟ್ಟಿ 49ನೇ ಸಾಲಿನವರೆಗೆ ಇತ್ತು. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಲೆಕ್ಕದ ಹೊರಗೆ ಉಳಿದಿದ್ದವು. ಪೂರ್ತಿ ವ್ಯತ್ಯಾಸಕ್ಕೆ ಈ ಒಂದು ಸೂತ್ರವೇ ಕಾರಣವಲ್ಲ. ಲಭ್ಯವಿದ್ದ ಕೆಲವು ವರ್ಷಗಳ ಅಂಕಿಗಳನ್ನು ಬಿಟ್ಟದ್ದು, ದೇಶಗಳಿಗೆ ತೂಕ ಕೊಟ್ಟ ರೀತಿ ಕೂಡ ಸೇರಿದ್ದವು. ಹರ್ನ್‌ಡನ್, ಅವರ ಪ್ರಾಧ್ಯಾಪಕರಾದ ಮೈಕಲ್ ಆ್ಯಶ್ ಮತ್ತು ರಾಬರ್ಟ್ ಪೊಲಿನ್ ಮೂವರೂ ಸೇರಿ 2013ರಲ್ಲಿ ತಿದ್ದಿದ ಲೆಕ್ಕದಲ್ಲಿ ಆ ಸರಾಸರಿ ಶೇ 2.2 ಆಯಿತು. ಸೂತ್ರದ ತಪ್ಪನ್ನು ಮೂಲ ಲೇಖಕರು ಒಪ್ಪಿಕೊಂಡರು, ತಮ್ಮ ಒಟ್ಟು ನಿಲುವನ್ನು ಬಿಡಲಿಲ್ಲ.

ಆಮದಿನಲ್ಲೂ ಇದೇ ಬಗೆಯ ತಪ್ಪು ಸದ್ದಿಲ್ಲದೆ ಆಗುತ್ತದೆ. ಈ ತಿಂಗಳ ಫೈಲಿನಲ್ಲಿ 34ನೇ ಸಾಲಿಗೆ ಮುಗಿದ ಪಟ್ಟಿ ಮುಂದಿನ ತಿಂಗಳು 36ಕ್ಕೆ ಮುಗಿದರೆ, '34ರವರೆಗೆ' ಎಂದು ಬರೆದಿಟ್ಟ ಆಜ್ಞೆ ಕೊನೆಯ ಎರಡು ಸಾಲುಗಳನ್ನು ಬಿಟ್ಟೇ ಬರುತ್ತದೆ. ತಪ್ಪಾಯಿತು ಎಂಬ ಸಂದೇಶ ಯಾವುದೂ ಬರುವುದಿಲ್ಲ. ಅದಕ್ಕಾಗಿ ಮೇಲಿನ ಮೂಲೆಯನ್ನು ಗಟ್ಟಿ ಮಾಡಿ ಕೆಳಗಿನದನ್ನು ತೆರೆದಿಡುವ ಸೌಲಭ್ಯ ರೀಡ್‌ಎಕ್ಸ್‌ಎಲ್‌ನಲ್ಲಿದೆ. ಕೊನೆಯವರೆಗೂ ತಂದು, 'ಒಟ್ಟು' ಎಂಬ ಸಾಲನ್ನೂ ಷರಾಗಳನ್ನೂ ಆಮೇಲೆ ಷರತ್ತು ಹಾಕಿ ತೆಗೆಯುವುದು ಹೆಚ್ಚು ಸುರಕ್ಷಿತ. ಕಾಲಂಗಳನ್ನೂ 'ಸಿ, ಎಫ್, ಜಿ' ಎಂದು ಜಾಗದಿಂದ ಗುರುತಿಸುವುದಕ್ಕಿಂತ ಹೆಡಿಂಗ್‌ನ ಹೆಸರಿನಿಂದ ಕರೆಯುವುದೇ ಮೇಲು. ನಡುವೆ ಒಂದು ಕಾಲಂ ಹೊಸದಾಗಿ ಸೇರಿದರೆ ಜಾಗ ನಂಬಿದ ಆಜ್ಞೆ ಗಂಡಸರ ಸಂಖ್ಯೆಯ ಬದಲು ಒಟ್ಟು ಜನರ ಸಂಖ್ಯೆಯನ್ನು ತಂದುಕೊಡುತ್ತದೆ. ಹೆಸರು ನಂಬಿದ ಆಜ್ಞೆಗೆ ಆ ಹೆಸರು ಸಿಗದೇ ಹೋದರೆ ಪಾಂಡಾಸ್ ಅಲ್ಲೇ ನಿಂತು ದೂರು ಕೊಡುತ್ತದೆ. ನಿಂತುಹೋದ ಪ್ರೋಗ್ರಾಂ ಅರ್ಧ ಗಂಟೆ ತಿನ್ನಬಹುದು, ಮುಂದೆ ಹೋದ ತಪ್ಪು ಅಂಕಿಗೆ ಲೆಕ್ಕವಿಲ್ಲ.

ಎಕ್ಸೆಲ್‌ನಲ್ಲೇ ಫಿಲ್ಟರ್ ಹಾಕಿ ಸೇವ್ ಮಾಡಿದರೆ ಆಯ್ಕೆ ಆದಂತೆ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ನಿಜವಲ್ಲ. ಫಿಲ್ಟರ್ ಸಾಲುಗಳನ್ನು ಮರೆಮಾಡುತ್ತದೆಯೇ ಹೊರತು ಅಳಿಸುವುದಿಲ್ಲ. ರೀಡ್‌ಎಕ್ಸ್‌ಎಲ್ ಆಗಲಿ ಪಾಂಡಾಸ್ ಆಗಲಿ ಮರೆಯಲ್ಲಿರುವ ಸಾಲುಗಳನ್ನೂ ಸೇರಿಸಿಯೇ ಓದುತ್ತವೆ. ಮರೆಯಾದ ಸಾಲು ಎಷ್ಟು ದುಬಾರಿಯಾದೀತು ಎಂಬುದು 2008ರ ಸೆಪ್ಟೆಂಬರ್‌ನಲ್ಲಿ ಕಂಡಿತು. ದಿವಾಳಿಯಾದ ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್‌ನ ಆಸ್ತಿಗಳನ್ನು ಬಾರ್ಕ್ಲೇಸ್ ಬ್ಯಾಂಕ್ ಕೊಳ್ಳುವಾಗ, ವಹಿಸಿಕೊಳ್ಳಬೇಕಾದ ಒಪ್ಪಂದಗಳ ಎಕ್ಸೆಲ್ ಪಟ್ಟಿಯನ್ನು ನ್ಯಾಯಾಲಯಕ್ಕೆ ಸಲ್ಲಿಸಲು ಪಿಡಿಎಫ್ ಮಾಡಲಾಯಿತು. ಬೇಡದ ಒಪ್ಪಂದಗಳ ಸಾಲುಗಳನ್ನು ಅಳಿಸಿರಲಿಲ್ಲ, ಹೈಡ್ ಮಾಡಲಾಗಿತ್ತು. ಪಿಡಿಎಫ್‌ನಲ್ಲಿ ಅವೆಲ್ಲ ಎದ್ದು ಬಂದು 179 ಒಪ್ಪಂದಗಳು ಪಟ್ಟಿಗೆ ಸೇರಿಕೊಂಡವು. ಬಿಡಿಸಿಕೊಳ್ಳಲು ಮತ್ತೆ ನ್ಯಾಯಾಲಯಕ್ಕೇ ಅರ್ಜಿ ಹಾಕಬೇಕಾಯಿತು.

ಬಣ್ಣದ ಕಥೆ ಇದಕ್ಕೆ ತಿರುವುಮುರುವು. 'ಹಳದಿ ಬಳಿದ ಸಾಲುಗಳು ಇನ್ನೂ ಪರಿಶೀಲನೆಯಾಗಿಲ್ಲ' ಎಂಬಂಥ ಒಳಗುಟ್ಟು ಆಮದಿನಲ್ಲಿ ದಾಟಿ ಬರುವುದೇ ಇಲ್ಲ. ಬೇಕಿದ್ದರೆ ಅದಕ್ಕೊಂದು ಕಾಲಂ ಮಾಡಿ ಪದದಲ್ಲಿ ಬರೆಯಬೇಕು. ಮರ್ಜ್ ಮಾಡಿದ ಸೆಲ್‌ಗಳಲ್ಲೂ ಎಚ್ಚರ ಬೇಕು. ಒಂದು ಜಿಲ್ಲೆಯ ಹೆಸರನ್ನು ಅದರ ಏಳು ತಾಲ್ಲೂಕುಗಳ ಪಕ್ಕ ಉದ್ದಕ್ಕೆ ಮರ್ಜ್ ಮಾಡಿದ್ದರೆ ಆ ಹೆಸರು ಮೊದಲ ಸಾಲಿಗೆ ಮಾತ್ರ ಸೇರಿದ್ದು, ಉಳಿದ ಆರು ಖಾಲಿ. ಮೇಲಿನ ಹೆಸರನ್ನು ಕೆಳಕ್ಕೆ ತುಂಬಿಸಿದ ಮೇಲಷ್ಟೇ ಜಿಲ್ಲಾವಾರು ಆಯ್ಕೆಗೆ ಅರ್ಥ ಬರುತ್ತದೆ. ಅದಕ್ಕೆ ಮುಂಚೆ ಆಯ್ದರೆ ಏಳು ತಾಲ್ಲೂಕುಗಳಲ್ಲಿ ಒಂದೇ ಸಿಗುತ್ತದೆ.

ಸಾಲು, ಕಾಲಂ ಸರಿಯಾಗಿ ಬಂದರೂ ಸೆಲ್‌ನೊಳಗಿನ ವಸ್ತು ದಾರಿಯಲ್ಲಿ ಮಾರ್ಪಡಬಹುದು. ಎಕ್ಸೆಲ್‌ನ ಮಟ್ಟಿಗೆ ದಿನಾಂಕವೆಂದರೆ 1900ರ ಜನವರಿ 1ನ್ನು ಒಂದು ಎಂದು ಎಣಿಸಿದ ದಿನಗಳ ಸಂಖ್ಯೆ. ಕರ್ನಾಟಕ ಏಕೀಕರಣದ ದಿನ, 1956ರ ನವೆಂಬರ್ 1, ಅದರ ಒಳಗೆ 20760 ಎಂದಿರುತ್ತದೆ. ದಿನಾಂಕದ ಕಾಲಂನಲ್ಲಿ ಯಾರೋ 'ಮಾಹಿತಿ ಇಲ್ಲ' ಎಂದು ಬರೆದಿದ್ದರೆ ಇಡೀ ಕಾಲಂ ಪದಗಳದ್ದೆಂದು ಭಾವಿಸಿದ ರೀಡ್‌ಎಕ್ಸ್‌ಎಲ್ ದಿನಾಂಕಗಳ ಬದಲು ಇಂಥ ಐದಂಕಿಗಳನ್ನು ತಂದು ನಿಲ್ಲಿಸುತ್ತದೆ. ಈ ಎಣಿಕೆಯಲ್ಲಿ 1900ರ ಫೆಬ್ರುವರಿ 29 ಎಂಬ ಎಂದೂ ಇಲ್ಲದ ದಿನವೊಂದು ಸೇರಿಕೊಂಡಿದೆ. ಲೋಟಸ್ 1-2-3 ತಂತ್ರಾಂಶದಲ್ಲಿದ್ದ ತಪ್ಪನ್ನು ಹೊಂದಾಣಿಕೆಗಾಗಿ ಎಕ್ಸೆಲ್ ಹಾಗೇ ಉಳಿಸಿಕೊಂಡಿತು. ಹಳೆಯ ಮ್ಯಾಕಿಂಟಾಷ್ ಫೈಲುಗಳು 1904ರಿಂದ ಎಣಿಸುತ್ತಿದ್ದವು. ಎರಡನ್ನೂ ಕಲಸಿದರೆ ದಿನಾಂಕಗಳು 1462 ದಿನ ಆಚೀಚೆ ಆಗುತ್ತವೆ.

ಕಾಲಂನ ಬಗೆಯನ್ನು ತಂತ್ರಾಂಶ ಊಹಿಸುವ ಕ್ರಮವೂ ತಿಳಿದಿರಬೇಕು. ರೀಡ್‌ಎಕ್ಸ್‌ಎಲ್ ಮೊದಲ 1000 ಸಾಲು ನೋಡಿ ನಿರ್ಧರಿಸುತ್ತದೆ. ಅಷ್ಟೂ ಖಾಲಿಯಿದ್ದು ಆಮೇಲೆ ಪದಗಳು ಬಂದರೆ ಅವನ್ನು ಒಂದು ಎಚ್ಚರಿಕೆ ಕೊಟ್ಟು ಕೈಬಿಡುತ್ತದೆ. ಗಣತಿಯಲ್ಲಿ ಜಮ್ಮು-ಕಾಶ್ಮೀರದ ಸಂಕೇತ 01. ಪದವಾಗಿ ಇಡಬೇಕೆಂದು ಹೇಳದಿದ್ದರೆ ಪಾಂಡಾಸ್ ಅದನ್ನು 1 ಮಾಡುತ್ತದೆ, ಬೇರೆ ಪಟ್ಟಿಯ 01ರೊಂದಿಗೆ ಅದು ಹೊಂದುವುದಿಲ್ಲ. ನಮೀಬಿಯಾ ದೇಶದ ಎರಡಕ್ಷರದ ಸಂಕೇತ 'ಎನ್‌ಎ'. ಪಾಂಡಾಸ್‌ಗೆ ಅದು 'ಮಾಹಿತಿ ಇಲ್ಲ' ಎಂಬುದರ ಗುರುತು, ಹಾಗಾಗಿ ಇಡೀ ದೇಶವೇ ಖಾಲಿ ಸೆಲ್ ಆಗುತ್ತದೆ. ಮೊದಲೇ ಬಗೆಯನ್ನು ಕಾಲಂವಾರು ಹೇಳಿಬಿಡುವುದು ಇವುಗಳಲ್ಲಿ ಬಹುಪಾಲಿಗೆ ಪರಿಹಾರ, 'ಎನ್‌ಎ'ಯನ್ನು ಖಾಲಿ ಎಂದು ಓದಬಾರದೆಂದು ಬೇರೆಯಾಗಿ ತಿಳಿಸಬೇಕು. ಫೈಲ್ ಕೈಸೇರುವ ಮುಂಚೆಯೇ ಎಕ್ಸೆಲ್ ಮಾಡಿದ ಬದಲಾವಣೆಯನ್ನು ಮಾತ್ರ ಯಾವ ಆಮದೂ ಹಿಂದಿರುಗಿಸದು. 'ಮಾರ್ಚ್1', 'ಸೆಪ್ಟ್2' ಎಂಬ ಮನುಷ್ಯನ ಜೀನ್‌ಗಳ ಹೆಸರುಗಳನ್ನು ಎಕ್ಸೆಲ್ ದಿನಾಂಕ ಮಾಡಿಬಿಡುತ್ತಿತ್ತು. ಜೀನ್‌ಗಳ ಎಕ್ಸೆಲ್ ಪಟ್ಟಿ ಲಗತ್ತಿಸಿದ ಸಂಶೋಧನಾ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದು ಹೀಗೆ ಕೆಟ್ಟಿತ್ತೆಂದು 2016ರ ಅಧ್ಯಯನವೊಂದು ತೋರಿಸಿತು. 2020ರ ಹೊತ್ತಿಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಿತ್ತು. ಈ ತಾನಾಗಿ ಬದಲಿಸುವ ರೂಢಿಯನ್ನು ನಿಲ್ಲಿಸುವ ಆಯ್ಕೆ ಎಕ್ಸೆಲ್‌ನಲ್ಲಿ ಬಂದದ್ದು 2023ರಲ್ಲಿ.

ಕನ್ನಡದ ಹಾಳೆಗಳಿಗೆ ತಮ್ಮದೇ ಆದ ತೊಡಕಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಫೈಲುಗಳು ಕಚೇರಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಅವುಗಳ ಸೆಲ್‌ನಲ್ಲಿ ನಿಜವಾಗಿ ಇರುವುದು ರೋಮನ್ ಅಕ್ಷರಗಳು ಮತ್ತು ಚಿಹ್ನೆಗಳು, ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಆಮದಿನಲ್ಲಿ ಫಾಂಟು ಉದುರಿ ಹೋಗುವುದರಿಂದ 'ಮಂಡ್ಯ' ಎಂದು ಹುಡುಕಿದರೆ ಏನೂ ಸಿಗುವುದಿಲ್ಲ. ಮೊದಲು ಪರಿವರ್ತಕದಿಂದ ಯೂನಿಕೋಡ್‌ಗೆ ತರಬೇಕು, ಆಮೇಲೆ ಆಯ್ಕೆ. ಯೂನಿಕೋಡ್‌ನಲ್ಲೇ ಇರುವ ಹಾಳೆಯನ್ನು ಸಿಎಸ್‌ವಿ ಮಾಡುವಾಗಲೂ 'ಯುಟಿಎಫ್-8' ಎಂದಿರುವ ಬಗೆಯನ್ನೇ ಆರಿಸಬೇಕು. ಹಳೆಯ ಸಾದಾ ಸಿಎಸ್‌ವಿ ಕನ್ನಡವನ್ನು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿಸುತ್ತದೆ. ೧೨೫ ಎಂದು ಕನ್ನಡದ ಅಂಕಿಯಲ್ಲಿ ಬರೆದದ್ದನ್ನು ಪೈಥಾನ್ ಸಂಖ್ಯೆಯೆಂದು ಒಪ್ಪುತ್ತದೆ, ಆರ್ ಒಪ್ಪುವುದಿಲ್ಲ.

ಯಾರೂ ಆರಿಸದೆಯೇ ಆಯ್ಕೆ ನಡೆದುಹೋಗುವುದೂ ಉಂಟು. ಹಳೆಯ 'ಎಕ್ಸ್‌ಎಲ್‌ಎಸ್' ಶೀಟಿನ ಮಿತಿ 65,536 ಸಾಲು. 2007ರಿಂದ ಬಂದ ಹೊಸ ಬಗೆಯದ್ದು 10,48,576. 2020ರ ಶರತ್ಕಾಲದಲ್ಲಿ ಪ್ರಯೋಗಾಲಯಗಳಿಂದ ಬಂದ ಕೋವಿಡ್ ಫಲಿತಾಂಶಗಳ ಸಿಎಸ್‌ವಿ ಪಟ್ಟಿಗಳನ್ನು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಹಳೆಯ ಬಗೆಯ ಹಾಳೆಗಳಿಗೆ ತುಂಬುತ್ತಿತ್ತು. ಒಂದೊಂದು ಪ್ರಕರಣಕ್ಕೂ ಹಲವು ಸಾಲು ಬೇಕಿದ್ದರಿಂದ ಹಾಳೆ ಬೇಗನೆ ತುಂಬಿ, ಉಳಿದದ್ದು ಬಿದ್ದುಹೋಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದೈನಂದಿನ ಲೆಕ್ಕದಿಂದ ತಪ್ಪಿಹೋದವು. ಸೋಂಕಿತರಿಗೆ ಅವರವರ ಫಲಿತಾಂಶ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದಿದ್ದವರನ್ನು ಹುಡುಕುವ ಕೆಲಸ ದಿನಗಟ್ಟಲೆ ತಡವಾಯಿತು. ಬಂದ ಸಾಲುಗಳೆಷ್ಟು, ಒಳಗೆ ಸೇರಿದವೆಷ್ಟು ಎಂದು ತಾಳೆ ನೋಡುವ ಒಂದು ಹೆಜ್ಜೆ ಇದ್ದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಆದ್ದರಿಂದ ಈ ಕೆಲಸದಲ್ಲಿ ಪಳಗಿದವರು ಮೂಲ ಫೈಲನ್ನು ಮುಟ್ಟುವುದಿಲ್ಲ. ಬೇಡದ ಸಾಲುಗಳನ್ನು ಎಕ್ಸೆಲ್‌ನಲ್ಲೇ ಕೈಯಾರೆ ಅಳಿಸಿ ಸೇವ್ ಮಾಡಿದರೆ ಏನನ್ನು ಬಿಟ್ಟದ್ದು ಎಂಬುದಕ್ಕೆ ಕುರುಹೇ ಉಳಿಯದು. ಯಾವ ಶೀಟ್, ಎಲ್ಲಿಂದ ಎಲ್ಲಿಗೆ, ಯಾವ ಷರತ್ತು, ಯಾವ ಬಗೆ ಎಂಬುದೆಲ್ಲ ಸ್ಕ್ರಿಪ್ಟಿನಲ್ಲಿ ಬರೆದಿದ್ದರೆ ಆಯ್ಕೆಯನ್ನು ಇನ್ನೊಬ್ಬರು ಓದಬಹುದು, ಪ್ರಶ್ನಿಸಬಹುದು, ಮತ್ತೆ ನಡೆಸಿ ನೋಡಬಹುದು. ಕೋಡ್ ಬರೆಯದವರಿಗೂ ದಾರಿಯಿದೆ. ಎಕ್ಸೆಲ್ 2016ರಿಂದ ಒಳಗೇ ಬರುವ ಪವರ್ ಕ್ವೆರಿ ಪ್ರತಿ ಹೆಜ್ಜೆಯನ್ನೂ ಪಟ್ಟಿಯಾಗಿ ನೆನಪಿಡುತ್ತದೆ. ಎಸ್‌ಪಿಎಸ್‌ಎಸ್‌ನ ಆಮದು ಕಿಟಕಿಯಲ್ಲಿ 'ಪೇಸ್ಟ್' ಒತ್ತಿದರೆ ಮೌಸ್‌ನಿಂದ ಮಾಡಿದ ಆಯ್ಕೆಗಳು ಆಜ್ಞೆಗಳಾಗಿ ಬರೆದು ಬರುತ್ತವೆ.

ಆಮದಿನ ಕೊನೆಯ ಭಾಗ ತಾಳೆ. ಗಣತಿಯ ಉದಾಹರಣೆಯಲ್ಲಿ ಅದು ಮೂರೇ ಸಾಲಿನ ಕೆಲಸ: ಬಂದ ಜಿಲ್ಲೆಗಳು 30 ಇವೆಯೇ, ಗಂಡು, ಹೆಣ್ಣಿನ ಕಾಲಂಗಳನ್ನೂ ತಂದಿದ್ದರೆ ಅವನ್ನು ಕೂಡಿದಾಗ ಪ್ರತಿ ಜಿಲ್ಲೆಯಲ್ಲೂ ಜನಸಂಖ್ಯೆಯೇ ಬರುತ್ತದೆಯೇ, ಜಿಲ್ಲೆಗಳ ಮೊತ್ತ ರಾಜ್ಯದ ಸಾಲಿನಲ್ಲಿರುವ 6,10,95,297ಕ್ಕೆ ಸರಿಯಾಗಿ ಸಮವೇ. 24,43,81,188 ಬಂದರೆ 93 ಸಾಲುಗಳೂ ಒಳಗೆ ಬಂದಿವೆ ಎಂದರ್ಥ. ಈ ತಾಳೆಯನ್ನೂ ಸ್ಕ್ರಿಪ್ಟಿನಲ್ಲೇ ಬರೆದು, ಹೊಂದದಿದ್ದರೆ ಅಲ್ಲೇ ನಿಲ್ಲುವಂತೆ ಮಾಡಬಹುದು. ಬಳ್ಳಾರಿಯಿಂದ ವಿಜಯನಗರ ಬೇರೆಯಾದ 2021ರಿಂದ ರಾಜ್ಯದಲ್ಲಿ 31 ಜಿಲ್ಲೆಗಳು. ಹೊಸ ಪಟ್ಟಿ ಕೊಟ್ಟಾಗ ಅದೇ ಸ್ಕ್ರಿಪ್ಟ್ '30 ಇರಬೇಕಿತ್ತು, 31 ಇವೆ' ಎಂದು ನಿಲ್ಲುತ್ತದೆ. ಆಗ ಎರಡು ಕಾಲದ ಬಳ್ಳಾರಿಗಳನ್ನು ಹೇಗೆ ಹೋಲಿಸಬೇಕೆಂದು ತೀರ್ಮಾನಿಸಿ, ಆ ತೀರ್ಮಾನವನ್ನೂ ಅಲ್ಲೇ ಬರೆದು ಮುಂದುವರಿಯಬೇಕಾಗುತ್ತದೆ.